ಕಾರ್ಬನ್

ಬಾ, ಕೂಡ್ರವಾ. ಫ್ಯಾನಿನ ಕೆಳಗ ಬ್ಯಾಡ, ಕಾಗದ ಹಾರ್ತಾವ.
ಈ ಬಿಸ್ಕೀಟ ಡಬ್ಬಿ ಪೂರಾ ನಿನ್ನ ಪುಸ್ತಕಕ್ಕ.
ಸೊಲ್ಲಾಪುರದ ದಸ್ತಗೀರಣ್ಣಗ ಬರದದ್ದು ನೂರಾ ಹದಿನೇಳು,
ಮುಂಬೈದ ಸಂಪಾದಕಗ ಒಂಬತ್ತು, ಅದರಾಗ ಆರು ಜಗಳ.
ನೀಲಿ ನೋಡಿ ಗಾಬರಿ ಆಗಬ್ಯಾಡ,
ಅಸಲು ಅವರವರ ಮನ್ಯಾಗ ಹೋದ್ವು, ಇವು ನೆರಳು.

ಖಡ್ಕಿ ಫ್ಯಾಕ್ಟರಿ ಸ್ಟೋರಿನ್ಯಾಗ ಗುಮಾಸ್ತಿಕಿ ಅವರದು.
ಮದ್ದುಗುಂಡಿನ ಲೆಕ್ಕ ಬರಿಯೋ ಕಾರ್ಬನ್ನು
ಟಿಫಿನ್ನಿನ ತಳದಾಗ ಮಡಚಿ ತರತಿದ್ರು.
ಒಮ್ಮೆ ರೊಟ್ಟಿಗೆ ನೀಲಿ ಹತ್ತಿತ್ತು. ಹಂಗ ತಿಂದ್ವಿ.

ಎರಡೆರಡು ಯಾಕ ಬರೀತೀರಿ ಅಂತ ಕೇಳಿದ್ದೆ.
‘ನಾಳೆ ಯಾರರ ಬರ್ತಾರ’ ಅಂದ್ರು.
ಬಂದಿ ನೋಡು ನೀನು. ಅವರು ಹೋಗಿ ಹತ್ತೊಂಬತ್ತು ವರ್ಷಕ್ಕ.

‘ಮುಳಾ ನದಿ ರಾತ್ರಿಯೆಲ್ಲಾ ಚಂದ್ರನ್ನ ಒಗಿತಾಳ ಗೆಳೆಯಾ’
ಅಂತ ಬರದಾರ, ಮ್ಯಾಲಿನದ ಅದ.
ನಾನೂ ಅದ ನದಿ ದಂಡ್ಯಾಗ ಅರಬಿ ಒಗದೀನಿ,
ಚಂದ್ರ ಒಂದಿನಾನೂ ಕೈಗೆ ಸಿಗಲಿಲ್ಲ.

ಇವು ನಮ್ಮ ಅತ್ತಿಯವು, ತಿಕೋಟಾದಿಂದ.
ಆಕಿಗೆ ಅಕ್ಷರ ಬರತಿರಲಿಲ್ಲ, ಕಿರಾಣಿ ಮಲಕಾಜಪ್ಪ ಬರಕೊಡಾಂವ;
ಮಗನ ಆರಾಮ ಕೇಳಿ, ಕೆಳಗ ಸಣ್ಣಾಗಿ
ತನ್ನ ಬಾಕಿ ಹನ್ನೊಂದ ರೂಪಾಯಿನೂ ಕೇಳತಿದ್ದ.

ನನಗ ಬರದದ್ದಾ?
ಹಡಿಯಾಕ ಇಂಡಿಗೆ ಹೋದಾಗಿನವು ಅದಾವ.
ಅವಕ್ಕ ಕಾರ್ಬನ್ ಇಲ್ಲ.
‘ನಳಾ ಈಗ ನಸುಕಿನ ನಾಕಕ್ಕ ಬರಾಕತ್ತೈತಿ.
ಚಿಮಣಿ ಎಣ್ಣಿ ಕಾರ್ಡು ಎಲ್ಲಿಟ್ಟಿ?
ಸಬನೀಸ ಬಾಯಿ ಪಲ್ಯಾ ಕೊಟ್ಟಿದ್ರು. ಬೆಲ್ಲಾ ಹಾಕಿದ್ರು. ತಿಂದೆ.’
ಇದರಾಗ ಏನ ಕಾವ್ಯ ಹುಡುಕ್ತಿ?

ಒಂದು ಐತಿ. ತೋರಸ್ತೀನಿ, ಕೊಡೂದಿಲ್ಲ. ಫೋಟೋನೂ ಬ್ಯಾಡ.
ಮೊದಲನೇ ಕೂಸು ಹನ್ನೊಂದ ದಿನ ಇತ್ತು.
ನಮ್ಮಪ್ಪ ತಾರು ಹೊಡದಿದ್ರು.
ಲಡಾಯಿ ದಿನ, ಫ್ಯಾಕ್ಟರ್‍ಯಾಗ ಹಗಲೂ ರಾತ್ರಿ ಕೆಲಸ, ರಜಾ ಇಲ್ಲ.
ಅದಕ್ಕ ಇದು ಉತ್ತರ:
‘ಶನಿವಾರ ಬರತೀನಿ. ತೊಟ್ಟಲಾ ಬಿಚ್ಚಬ್ಯಾಡ್ರಿ.’
ಉಳಿದ ಇನ್‌ಲ್ಯಾಂಡು ಖಾಲಿ. ಮೂರೂ ಮಡಿಕಿ ಖಾಲಿ.
ಮ್ಯಾಲ ನಿರಾಶ್ರಿತರ ಐದ ಪೈಸಾ ತಿಕೀಟು ಬ್ಯಾರೆ.

ಅದ ವಾರ ದಸ್ತಗೀರಣ್ಣಗ ಬರದದ್ದು ನಿನ್ನ ಡಬ್ಬಿಯೊಳಗ ಐತಿ.
ಎರಡು ಪುಟ,
ತ್ರಿಪದಿಗೆ ಮೂರನೇ ಸಾಲು ಯಾಕ ಗಿಡ್ಡ ಅಂತ.
ಕೂಸಿನ ಸುದ್ದಿ ಒಂದಕ್ಷರ ಇಲ್ಲ.

ಅದಕ್ಕ ಸೊಲ್ಲಾಪುರದಿಂದ ಬಂದ ಕಾರ್ಡು, ಇಕಾ, ಓದು:
‘ತ್ರಿಪದಿ ಇರಲಿ ಗುರಪಾದ.
ಅಕ್ಷರ ಯಾಕ ಎಡಕ್ಕ ವಾಲ್ಯಾವ?
ತಂಗಿ ಆರಾಮ ಅದಾಳಿಲ್ಲೋ? ಐತವಾರ ಬರತೀನಿ.’

ಕಾರ್ಡಿನ ಹಿಂದಿಂದ ಅಂವನೂ ಬಂದ.
ಖಡ್ಕ್ಯಾಗ ಕೀಲಿ ನೋಡಿ, ಸಬನೀಸ ಬಾಯಿನ್ನ ಕೇಳಿ,
ಅದ ರಾತ್ರಿ ಗಾಡಿ ಹತ್ತಿ ತಿರುಗಿ ಇಂಡಿಗೆ,
ಹೆಗಲ ಮ್ಯಾಲ ತಾನ ನೇಯ್ದ ಒಂದು ಚಾದರ.
ಇವರು ತೊಟ್ಟಲಾ ನೋಡಕೋತ ಎರಡ ದಿನ ಕುಂತಿದ್ರು,
ಮುಟ್ಟಾಕ ಆಗಿರಲಿಲ್ಲ.
ದಸ್ತಗೀರಣ್ಣ ಏನೂ ಅನ್ನಲಿಲ್ಲ. ಕಾಲ ತೊಳಕೊಂಡು ಒಳಗ ಬಂದು
ತಾನ ಹಗ್ಗದ ಗಂಟು ಬಿಚ್ಚಿದ.
ಮಗ್ಗದಾಂವ ನೋಡು, ಎಳಿ ಹರೀಲಿಲ್ಲ.

ಆ ಕಾರ್ಡು ಬೇಕಾದ್ರ ಒಯ್ಯಿ, ಅಸಲು ಅದು.
ಆದ್ರ ಒಂದ ಹೇಳು, ಸಾಲಿ ಕಲ್ತಾಕಿ ನೀನು:
ಇವರ ಆ ಎರಡು ಪುಟಾ ಅಚ್ಚಿಗೆ ಹಾಕ್ತಿಯಲ್ಲಾ,
ವಾಲಿದ್ದು ಹ್ಯಾಂಗ ಹಾಕ್ತಿ?
ಅಚ್ಚಿನ್ಯಾಗ ಎಲ್ಲಾ ಅಕ್ಷರ ನೆಟ್ಟಗ ನಿಲ್ಲತಾವ.

ಇರಲಿ. ಚಹಾ ಆರಾಕತ್ತೈತಿ.
ಮೊದಲ ಬೆರಳ ತೊಳಕೋ, ನೀಲಿ ಹತ್ತೇತಿ.