ನಾಲ್ಕು ಬೆರಳು

ಕೋವಿ ಕೊಳ್ಳಹೋದವ ಮೊದಲು ಕೋವಿ ನೋಡಬಾರದು,
ಗೋಡೆ ನೋಡಬೇಕು.
ಮೊಳೆಯ ಸುತ್ತ ಸುಣ್ಣ ಮಾಸಿದ ಬಗೆ ಹೇಳಿಬಿಡುತ್ತದೆ
ನನಗಿಂತ ಮುಂಚೆ ಯಾರು ಬಂದು, ಇಳಿಸಿ,
ಬೆಲೆ ಕಟ್ಟಿ ಹೋದರು ಎಂದು.

ಓಡಿಲ್ ವಾತ್ಲೆ ಅಜ್ಜಿಯ ಅಡುಗೆಮನೆಯಲ್ಲಿ
ಯಾರೂ ಬಂದಿರಲಿಲ್ಲ.
ಒಲೆಯ ಮೇಲೆ ಅಡ್ಡಡ್ಡ ತೂಗಿತ್ತು, ಎಂಬತ್ತು ವರ್ಷದ ಹೊಗೆ ಕುಡಿದು,
ಕಾಲಾಳಿನ ಚಕಮಕಿ ಕೋವಿ.
ಒಳಗೊಳಗೇ ಹಿಗ್ಗಿದೆ.
ಮುಖ ಮಾತ್ರ, ಕಸುಬು ಕಲಿಸಿದಂತೆ,
ಹಳಸಿದ ಸೂಪು ಕುಡಿದವನದು.

ಕಲ್ಲು ಕಚ್ಚಿದ ಕುದುರೆಯನ್ನು
ನಮ್ಮ ಲಿಯೇಜ್ ಕಡೆ ನಾಯಿ ಎನ್ನುತ್ತೇವೆ.
ಈ ನಾಯಿ ಮಲಗಿತ್ತು.
ತಿರುಪು ಬಿಚ್ಚಿ ಕನ್ನಡಕ ಏರಿಸಿದೆ:
ಬೀಗದ ಒಳಗೆ ೪೧೭. ನಳಿಗೆಯ ಬುಡದಲ್ಲಿ ೪೧೭.
ಹುಟ್ಟಿದಂದಿನಿಂದ ಒಟ್ಟಿಗಿದ್ದ ಜೋಡಿ.

"ಅಂಕಿ ಕೂಡುತ್ತಿಲ್ಲ" ಎಂದೆ.
"ಯಾವುದಕ್ಕೋ ಯಾವುದನ್ನೋ ಕಟ್ಟಿದ ಮದುವೆ ಇದು.
ಮರಕ್ಕೂ ಹುಳು ಬಿದ್ದಿದೆ. ಆರುನೂರೈವತ್ತು."
"ತಂಗಿಯ ಮಗ ಫೋನಿನಲ್ಲಿ ನೋಡಿ ಎರಡು ಸಾವಿರ ಅಂದ."
"ಫೋನಿಗೆ ಹುಳು ಕಾಣುವುದಿಲ್ಲ, ಅಮ್ಮ."

ಆಮೇಲೆ, ಅಭ್ಯಾಸದಿಂದ,
ಕಬ್ಬಿಣದ ಗಜ ಎಳೆದು ನಳಿಗೆಯೊಳಗೆ ಬಿಟ್ಟೆ.
ಖಾಲಿ ಕೋವಿ ಠಣ್ ಎನ್ನುತ್ತದೆ.
ಇದು ಎನ್ನಲಿಲ್ಲ.
ತುಂಬಿದ ಚೀಲದ ಮೇಲೆ ಕೈಯಿಟ್ಟಂತೆ ಒಂದು ದಬ್.

ಬಾಯಿಯ ಅಂಚಿಗೆ ಉಗುರು ಒತ್ತಿ ಹಿಡಿದು
ಗಜವನ್ನು ಹೊರಗಿನಿಂದ ನಳಿಗೆಗೆ ತಾಗಿಸಿ ಅಳೆದೆ.
ಬುಡಕ್ಕೆ ನಾಲ್ಕು ಬೆರಳು ಕಡಿಮೆ.

"ಇದರಲ್ಲಿ ಗುಂಡಿದೆ."

ಅಜ್ಜಿ ನನ್ನನ್ನು ನೋಡಲಿಲ್ಲ, ಕುರ್ಚಿ ನೋಡಿದಳು.
ಮೇಜಿನ ತಲೆಗಿದ್ದ ಕುರ್ಚಿ.
ಅಲ್ಲಿ ಅಪ್ಪ ಕೂತು ರೊಟ್ಟಿ ಕತ್ತರಿಸಿದ,
ಗಂಡ ಫೆರ್ನಾನ್ ಮೂವತ್ತೆಂಟು ವರ್ಷ ಪೇಪರು ಓದಿದ,
ಈಗ ಬೆಳಗ್ಗೆ ಬೆಳಗ್ಗೆ ಇವಳು ಬಟಾಟೆ ಸುಲಿಯುತ್ತಾಳೆ.
ನಳಿಗೆ ಅತ್ತಲೇ ಮುಖಮಾಡಿ ತೂಗಿತ್ತು.
"ನಾವು ಬೆಂಚು ಹತ್ತುತ್ತಿದ್ದೆವು" ಎಂದಳು,
"ನಾನು, ತಮ್ಮ ಜೂಲ್. ಟ್ರಿಗರ್ ಎಳೆಯುತ್ತಿದ್ದೆವು.
ಕಿಡಿ ಹಾರಿದರೆ ಅಪ್ಪ ಎದೆ ಹಿಡಿದು ಸತ್ತಂತೆ ನಟಿಸುತ್ತಿದ್ದ.
ಭಾನುವಾರ ಭಾನುವಾರ ಸಾಯುತ್ತಿದ್ದ."

ಕಿವಿತೂತಿಗೆ ತುಕ್ಕು ಕಟ್ಟಿತ್ತು.
ಒಂದು ಸಾಸಿವೆ ಕಾಳಿನಷ್ಟು ತುಕ್ಕು.

ಅಂಗಳಕ್ಕೆ ಒಯ್ದು, ಬಾಯಿಗೆ ಎಣ್ಣೆ ಬಿಟ್ಟು
ಎರಡು ಗಂಟೆ ಕಾದೆವು. ಕಾಫಿಗೆ ಸಕ್ಕರೆ ಹಾಕುವುದನ್ನು
ಇಬ್ಬರೂ ಮರೆತೆವು.
ತಿರುಪಿನ ಗಜಕ್ಕೆ ಕಚ್ಚಿಕೊಂಡು ಬಂತು ಗುಂಡು,
ಬೂದಿ ಹತ್ತಿದ ಗೋಲಿ,
ಅಚ್ಚಿನ ಗೆರೆ ಕೂಡ ಮಾಸಿರಲಿಲ್ಲ.
ಹಿಂದೆಯೇ ಕಾಗದ, ಕಾಗದದ ಹಿಂದೆ ಮದ್ದು.
ಎಣ್ಣೆ ತಾಗದ ಒಂದು ಚಿಟಿಕೆ ಹಾಸುಗಲ್ಲಿನ ಮೇಲಿಟ್ಟು ಕಡ್ಡಿ ಗೀರಿದೆ.
ಭುಸ್.
ಇನ್ನೂರು ವರ್ಷ ಹಿಡಿದಿಟ್ಟ ಉಸಿರು,
ಕೊಳೆತ ಮೊಟ್ಟೆಯ ವಾಸನೆ.

ಯಾವ ಹುಡುಗ ತುಂಬಿದನೋ. ಯಾರು ಎದುರಿಗಿದ್ದರೋ.
ಯಾಕೆ ಬಿಟ್ಟನೋ. ಓಡಿದನೋ,
ಅಥವಾ ಮಳೆ ಬಂದು ಊಟಕ್ಕೆ ಕರೆದರೋ.

"ಅಂಕಿ ಕೂಡುತ್ತದೆ" ಎಂದೆ. "ಸಾವಿರದ ನಾನೂರು ಕೊಡುತ್ತೇನೆ."
ಅವಳಿಗೆ ಕೇಳಿಸಿತೋ ಇಲ್ಲವೋ.
"ತಗೊಂಡು ಹೋಗು. ಗುಂಡು ಇಲ್ಲಿರಲಿ" ಎಂದು
ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.
ಜೇಬು ಜೋತಿತು.

ಹೊರಡುವಾಗ ತಿರುಗಿ ನೋಡಿದೆ.
ಕೋವಿ ಹೋದ ಗೋಡೆಯಲ್ಲಿ ಬಿಳಿ ಸುಣ್ಣದ ಕೋವಿ
ಇನ್ನೂ ಗುರಿಯಿಟ್ಟಿತ್ತು.
ಅಜ್ಜಿ ಕುರ್ಚಿಯನ್ನು ಕಿಟಕಿಯ ಕಡೆಗೆ ಎಳೆಯುತ್ತಿದ್ದಳು,
ನಿಧಾನವಾಗಿ, ನೆಲ ಗೀಚುತ್ತ.

ನನ್ನ ಮನೆಯಲ್ಲಿ ಹದಿನೇಳು ತೂಗುತ್ತವೆ.
ಎಲ್ಲವನ್ನೂ ಕೊಂಡ ದಿನವೇ ನೋಡಿದ್ದೆ.
ಆ ರಾತ್ರಿ ಮತ್ತೆ ಒಂದೊಂದಕ್ಕೂ ಗಜ ಬಿಟ್ಟೆ.
ಮೇಲಿನಿಂದ ಗಿಸ್ಲೇನ್ ಕೂಗಿದಳು:
"ಈ ಹೊತ್ತಿನಲ್ಲಿ ಯಾವ ಇಗರ್ಜಿಯ ಗಂಟೆ?"

ವಸಂತದ ಸಂತೆಯಲ್ಲಿ ೪೧೭ ಒಬ್ಬ ಹಲ್ಲಿನ ಡಾಕ್ಟರಿಗೆ ಹೋಯಿತು.
ನೋಟು ಎಣಿಸುತ್ತ ಕೇಳಿದ, ಕಥೆ ಏನಾದರೂ ಇದೆಯೇ?
ಕಥೆಗೆ ಇನ್ನೂರು ಹೆಚ್ಚು ಸಿಗುತ್ತದೆ, ನನಗೆ ಗೊತ್ತು.
"ಗೋಡೆಯ ಮೇಲಿತ್ತು" ಎಂದೆ. "ಅಷ್ಟೇ."