ಹಿಂದಿನ ಗಾಲಿ

ಅಸ್ಮಾರಾದಲ್ಲಿ ಶನಿವಾರ ರಾತ್ರಿ, ಕರೆಂಟಿಲ್ಲ.
ಲೆತೆಬ್ರಹಾನ್ ಮೋಂಬತ್ತಿಯ ಬೆಳಕಲ್ಲಿ
ರಿಮ್ಮಿಗೆ ಗೋಂದು ಸವರುತ್ತಾಳೆ, ಮೂರನೆಯ ಸಲ,
ಬೆಣ್ಣೆ ಸಾಲದ ಮನೆಯವಳು ರೊಟ್ಟಿಗೆ ಸವರಿದಷ್ಟೇ ತೆಳ್ಳಗೆ.
ಪಕ್ಕದ ಮನೆಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದಾರೆ;
ಘಾಟು ಮಾತ್ರ ಗೋಂದಿನದೇ.

'ಇಪ್ಪತ್ತಮೂರು ಹಾಕು' ಎಂದ ತಮ್ಮ ಮಿಹ್ರೆತಾಬ್,
'ಸಪೂರ ಟೈರು, ಹಗುರ.'
ಅವಳು ಎರಡನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿದಳು,
ಮಾವಿನಹಣ್ಣು ಕೊಳ್ಳುವವಳ ಹಾಗೆ.
'ದೆಕೆಮ್ಹರೆ ಇಳಿಜಾರಿನಲ್ಲಿ ಜಲ್ಲಿ ಬಿದ್ದಿದೆ.
ಇಪ್ಪತ್ತೈದು. ಗಾಳಿ ಒಂದು ಗುಟುಕು ಕಡಿಮೆ.'
'ಗಾಲಿ ನನ್ನದು, ಅಕ್ಕ.'
'ಗಾಳಿ ನನ್ನದು.'

ದಿನಾ ಓಡುವ ಗಾಲಿಗಳು, ತೇಪೆಯ ಮೇಲೆ ತೇಪೆ,
ಬಾಗಿಲ ಹಿಂದೆ ಮುಖ ಊದಿಸಿ ಕೂತಿದ್ದವು.

ಭಾನುವಾರ, ಅರವತ್ತನೆಯ ಕಿಲೋಮೀಟರು.
ನಾಯಕ ಕಿಫ್ಲಾಯ್ ಕೈ ಎತ್ತಿದ: ಪಂಕ್ಚರ್.
ತಂಡದ ಕಾರು ಎಲ್ಲೋ ಹಿಂದೆ.
ಮಿಹ್ರೆತಾಬ್ ಇಳಿದ,
ಲಿವರ್ ಎಳೆದ, ಚೈನು ಸರಿಸಿದ, ಕೊಟ್ಟ.
ಹನ್ನೆರಡು ಸೆಕೆಂಡು,
ಜತೆಗೆ ಬೆನ್ನಿಗೊಂದು ನೂಕು.

ಪಾಪಾಸುಕಳ್ಳಿ ಬೇಲಿಯ ಬುಡದಲ್ಲಿ
ಅರ್ಧ ಸೈಕಲ್ಲಿನ ಜೊತೆ ಕೂತ.
ಆಡು ಮೇಯಿಸುವ ಹುಡುಗಿ ಬಂದು ಕೇಳಿದಳು:
'ಸೋತೆಯಾ?'
'ಗೊತ್ತಿಲ್ಲ.
ನನ್ನ ಹಿಂದಿನ ಗಾಲಿ
ಮುಂದಕ್ಕೆ ಹೋಗಿದೆ.'
ಅವಳಿಗೆ ನಗು ಬಂತು. ಒಂದು ಆಡು
ಅವನ ಕೈಗವಸನ್ನು ಮೂಸಿ ಬೇಡವೆಂದಿತು.

ಸಂಜೆ ಗಾಲಿ ಮನೆಗೆ ಬಂತು.
ಲೆತೆಬ್ರಹಾನ್ ಅದನ್ನು ತೊಡೆಯ ಮೇಲೆ ತಿರುಗಿಸಿ
ಉಗುರಿನಿಂದ ಜಲ್ಲಿಯ ಚೂರು ಕಿತ್ತಳು,
ಒಂದು, ಇನ್ನೊಂದು, ಒಟ್ಟು ಏಳು.
ಯಾವುದೂ ಒಳಗೆ ಹೊಕ್ಕಿರಲಿಲ್ಲ.

ಯಾರು ಗೆದ್ದರೆಂದು
ಆಮೇಲೆ ಕೇಳಿದಳು.