ಮಹಾಪ್ರಾಣ

ಬತೂಮಿ ಠಾಣೆ, ಮೂರನೆಯ ಮಹಡಿ.
ಕಿಟಕಿಯಾಚೆ ಕಪ್ಪು ಸಮುದ್ರ, ಹೆಸರಿನಷ್ಟು ಕಪ್ಪಲ್ಲ.
ಇಪ್ಪತ್ತಾರು ವರ್ಷ ನಾನಿಲ್ಲಿ ರಟ್ಟಿನ ಕಾರ್ಡುಗಳ ಕಾವಲು.
'ಲಮ್ಝಿರಾ, ಆ ಕುಂಟ ಟ್ರಕ್ಕಿನವನು' ಅಂದರೆ ಸಾಕಿತ್ತು,
ಕೈ ತಾನೇ ಡ್ರಾಯರಿಗೆ ಹೋಗುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು.
ಅದರ ಹಿಂದೆಯೇ ಟಿಬಿಲಿಸಿಯಿಂದ ಒಬ್ಬ ಹುಡುಗ, ಬಾಗ್ರಾತ್.
'ಅಜ್ಜಿ, ಇನ್ನು ನಿಮ್ಮ ಡ್ರಾಯರು ಇಪ್ಪತ್ತು ದೇಶದ ಡ್ರಾಯರು,
ಇಲ್ಲಿ ಒತ್ತಿದರೆ ಅಲ್ಲಿ ತೆರೆಯುತ್ತದೆ' ಅಂದ.
ಅಜ್ಜಿ ಅಂದದ್ದಕ್ಕೆ
ಅವನಿಗೆ ಚಹಾ ಕೊಡಲಿಲ್ಲ.

ನಮ್ಮದು ಮೂವತ್ತಮೂರು ಅಕ್ಷರ.
ಅದರಲ್ಲೊಂದು ಗಂಟಲಿನ ತಳದಲ್ಲಿ ಹುಟ್ಟುತ್ತದೆ,
ಮುಕ್ಕಳಿಸಿದ ನೀರನ್ನು ಉಗುಳಲು ಮರೆತ ಹಾಗೆ.
ಗುರಿಯಾ ಸೀಮೆಯ ಘ್ಲೋಂತಿ ಮನೆತನದವರು
ಹೆಸರು ಹೇಳಲು ಬಾಯಿ ತೆರೆದರೆ ಮೊದಲು ಅದೇ.
ರಷ್ಯನ್ನರು ಮಹಾಪ್ರಾಣ ಕಿತ್ತು ಗ್ಲೋಂತಿ ಎಂದು ಬರೆದರು.
ಪಾಸ್‌ಪೋರ್ಟಿನವರು ಎರಡು ರೋಮನ್ ಅಕ್ಷರ ಕೂಡಿಸಿ ತೇಪೆ ಹಾಕಿದರು.
ಗಡಿಯಾಚೆಯ ತುರ್ಕಿ ಗುಮಾಸ್ತನಿಗೆ ಕೇಳಿಸಿದ್ದೇ
ಲೋಂತಿ.
ಒಬ್ಬನೇ ವಲೇರಿಯಾನ್, ಮೂರು ಕಡತ.
ಕಡತಗಳ ಸಂದಿಯಲ್ಲಿ ಅವನ ವ್ಯಾನು ಹಾಯಾಗಿ ಓಡಾಡಿತು,
ಒಳಗೆ
ಹೋಟೆಲ್ ಕೆಲಸವೆಂದು ನಂಬಿದ ಹುಡುಗಿಯರು.

ಯಂತ್ರಕ್ಕೆ ಕಿವಿಯಿಲ್ಲ.
ಒಂದು ರಾತ್ರಿ ಮೂರೂ ಹೆಸರು ಗಟ್ಟಿಯಾಗಿ ಓದಿದೆ,
ಮೂರೂ ಒಂದೇ ಗಂಟಲಿನಿಂದ ಬಂದವು.
ಬಾಗ್ರಾತ್ ನಿಯಮ ಬರೆದ:
ಗ, ಘ, ಅಥವಾ ಏನೂ ಇಲ್ಲ
ಎಲ್ಲ ಒಂದೇ ಎಂದು ತಿಳಿ.
ನಾಲ್ಕನೆಯ ದಿನ ಸಾರ್ಪಿ ಗಡಿಯಲ್ಲಿ ವ್ಯಾನು ನಿಂತಿತು.
ಐವರು ಇಳಿದರು. ಒಬ್ಬಳ ಕಾಲಲ್ಲಿ ಒಂದೇ ಚಪ್ಪಲಿ.
ಅವತ್ತು ಹುಡುಗನಿಗೆ ಚಹಾ ಕೊಟ್ಟೆ, ಚೆರ್ರಿ ಮುರಬ್ಬದ ಜೊತೆ.

ಇಲ್ಲಿಗೇ ಮುಗಿದಿದ್ದರೆ ಪದಕ ಬರುತ್ತಿತ್ತು.
ಬಂತು ಕೂಡ, ಬಾಗ್ರಾತನಿಗೆ.

ಮೇ ತಿಂಗಳಲ್ಲಿ ಬಂದವನು ಇನ್ನೊಬ್ಬ ವಲೇರಿಯಾನ್ ಘ್ಲೋಂತಿ.
ಅರವತ್ತೆಂಟು ವರ್ಷ, ಮೊಣಕೈಗೆ ತೇಪೆಯ ಕೋಟು,
ವರ್ಷವರ್ಷ ಗಡಿ ದಾಟಿ ರೀಝೆಯ ತೋಟದಲ್ಲಿ ಚಹಾ ಎಲೆ ಕೊಯ್ಯುವವನು.
ಕಳ್ಳನ ಕಡತದಲ್ಲಿ ಹುಟ್ಟಿದ ದಿನ ಖಾಲಿ;
ಖಾಲಿಯೂ ಹೊಂದುತ್ತದೆ ಎಂದಿತು ಯಂತ್ರ.
ಆರು ಗಂಟೆ ನಿಲ್ಲಿಸಿದರು. ಮುಂದಿನ ವಾರ ಒಂಬತ್ತು.
ಎಲೆ ಕೊಯ್ಯುವ ಕತ್ತರಿಯನ್ನು ಮೇಜಿನ ಮೇಲಿಟ್ಟು
ನಾಲ್ವರು ಸುತ್ತ ನಿಂತು ನೋಡಿದರಂತೆ.
ಅಷ್ಟರಲ್ಲಿ ಮೊದಲ ಚಿಗುರು ಬಲಿತಿತ್ತು.

ನನ್ನ ಮುಂದೆ ಕೂತ, ಬೈಯಲಿಲ್ಲ.
'ನನ್ನಜ್ಜನಿಗೂ ಇದೇ ಹೆಸರು.
ಅವನ ಗೋರಿಯನ್ನೂ ತಡೆಯುತ್ತೀರಾ?'

ಸೇರಿಸುವುದಕ್ಕೆ ಒಂದು ಗುಂಡಿ ಇದೆ.
ಬಿಡಿಸುವುದಕ್ಕೆ ಅರ್ಜಿ, ನಕಲು ಮೂರು.
ಅನುಮಾನ ಒಂದೇ ಉಸಿರಿಗೆ ಇಪ್ಪತ್ತು ದೇಶ ಮುಟ್ಟಿತ್ತು;
ತಪ್ಪಾಯಿತು ಅನ್ನುವ ಮಾತು ಕಾಲ್ನಡಿಗೆಯಲ್ಲಿ ಹೋಗುತ್ತಿದೆ,
ಬಾಗಿಲು ಬಾಗಿಲಿಗೂ ಮುದ್ರೆ ಬೇಡುತ್ತಾ.
ಹದಿನಾಲ್ಕು ಕಡೆಯಿಂದ ಉತ್ತರ ಬಂದಿದೆ.

ಉಳಿದದ್ದು ಬರುವತನಕ ಇರಲೆಂದು
ಹಳೆಯ ರಟ್ಟಿನ ಕಾರ್ಡೊಂದನ್ನು ಹುಡುಕಿ
ಕೈಯಲ್ಲೇ ಬರೆದುಕೊಟ್ಟೆ: ಇವನು ಅವನಲ್ಲ.
ಹೆಸರಿನ ಮೊದಲ ಅಕ್ಷರ ಮಾತ್ರ ದೊಡ್ಡದು,
ಸುರುಳಿ ಪೂರ್ತಿ ಬಿಡಿಸಿ.
ಕಾನೂನಿನಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ.
ರಾತ್ರಿ ಪಾಳಿಯ ನೋದಾರ್‌ಗೆ ನನ್ನ ಅಕ್ಷರದ ಗುರುತಿದೆ,
ಹಗಲಿನವರಿಗಿಲ್ಲ.

ಹೀಗಾಗಿ ಆ ಸಾಚಾ ಮನುಷ್ಯ
ಈಗ ಕತ್ತಲಾದ ಮೇಲೆಯೇ
ಗಡಿ ದಾಟುತ್ತಾನೆ.